ಸತುರ್ನಿನಾಳ ಮನೆಗೆ ದಾರಿ

ಮಂಗಳವಾರ ಬೆಳಿಗ್ಗೆ, ಆರೋಗ್ಯ ಕೇಂದ್ರದ ಹಿಂಬದಿಯಲ್ಲಿರುವ ಕ್ಷಯದ ಕೊಠಡಿಯಲ್ಲಿ, ನರ್ಸ್ ಮಾರ್ಲೆನಿ ನನ್ನ ಮುಂದೆ ಒಂದು ಕಡತವನ್ನು ತೆರೆದಿಟ್ಟು ಅದರ ಕೊನೆಯ ಹಾಳೆಯ ಮೇಲೆ ಬೆರಳೂರಿದಳು. ಆ ಹಾಳೆಯಲ್ಲಿ ನಾನು ಬರೆದುಕೊಟ್ಟ ಕೈನಕ್ಷೆಯಿತ್ತು. ನಕ್ಷೆಗೆ ಅಡ್ಡಲಾಗಿ ಯಾರೋ ಕೆಂಪು ಶಾಯಿಯಲ್ಲಿ ಅವಸರದಿಂದ ಗೀಚಿದ್ದರು: ‘ವಿಳಾಸ ಸುಳ್ಳು. ರೋಗಿ ಪತ್ತೆಯಿಲ್ಲ. ಚಿಕಿತ್ಸೆ ಬಿಟ್ಟುಹೋಗಿರುವ ಸಾಧ್ಯತೆ.’

“ಟೀಚರೇ, ಇದು ನಿಮ್ಮ ಕೈಬರಹ ತಾನೇ?”

“ಹೌದು.”

“ಈ ಗುಡ್ಡದಲ್ಲಿ ನಿಮ್ಮ ನಕ್ಷೆ ಹಿಡ್ಕೊಂಡು ಹೊರಟೋರು ಯಾರೂ ದಾರಿ ತಪ್ಪಿಲ್ಲ. ಮತ್ತೆ ಇದೇನು?”

ಮಾರ್ಲೆನಿಗೆ ಅಕ್ಷರ ಕಲಿಸಿದವಳು ನಾನು. ತಪ್ಪು ಮಾಡಿದ ಮಗುವನ್ನು ಹೇಗೆ ನೋಡಬೇಕೆಂಬುದನ್ನೂ ಆಕೆ ನನ್ನಿಂದಲೇ ಕಲಿತಿರಬೇಕು. ಆ ನೋಟ ಈಗ ನನ್ನ ಮೇಲಿತ್ತು. ಆಕೆ ಮುಖಗವಸನ್ನು ಸರಿಪಡಿಸಿಕೊಂಡು, ದನಿ ತಗ್ಗಿಸಿದಳು.

“ಗುರುವಾರ ಸಮಿತಿ ಕೂಡುತ್ತೆ. ನಾಳೆ ಸಾಯಂಕಾಲ ನಾಲ್ಕರೊಳಗೆ ಈ ಕಡತ ಸರಿಯಾಗಿ ವಾಪಸ್ ಹೋಗದಿದ್ರೆ ಸತುರ್ನಿನಾಳ ಮದ್ದು ಮುಂದಿನ ತಿಂಗಳ ಮಾತು. ಹೋದ ವಾರ ಕೆಮ್ಮಿದಾಗ ಅವಳ ಬಟ್ಟೇಲಿ ಏನಿತ್ತು ಅಂತ ನಿಮಗೂ ಗೊತ್ತು. ಅವಳಿಗೆ ಒಂದು ತಿಂಗಳು ಇದೆಯಾ ಅಂತ ಮಾತ್ರ ನನ್ನ ಕೇಳಬೇಡಿ.”

“ತಪಾಸಣೆಯವರನ್ನ ಇನ್ನೊಂದು ಸಲ ಕಳಿಸೋಕಾಗಲ್ವಾ?”

“ಕಾಲು ಹಿಡಿದು ಒಪ್ಪಿಸಿದೀನಿ. ನಾಳೆ ಹನ್ನೊಂದಕ್ಕೆ ಬರ್ತಾರೆ. ಆದ್ರೆ ಒಂದು ಸಲ ಸುಳ್ಳು ಬಿದ್ದ ವಿಳಾಸ. ಈ ಸಲ ಅದೇ ಸಾಲಿನ ಇಬ್ಬರು ನೆರೆಯವರು ಸಹಿ ಹಾಕಬೇಕಂತೆ, ರೋಗಿ ಇಲ್ಲೇ ಇರೋದು ಅಂತ.” ಕಡತ ಮುಚ್ಚುತ್ತಾ ಸೇರಿಸಿದಳು: “ಅವಳು ನಿಜವಾಗಿ ಇರೋ ಮನೆ ಸಾಲಿನವರು, ಟೀಚರೇ.”

ಲೀಮಾದ ಉತ್ತರದಂಚಿನ ನಮ್ಮ ಗುಡ್ಡದಲ್ಲಿ ಬೀದಿಗಳಿಗೆ ಹೆಸರಿಲ್ಲ, ಮನೆಗಳಿಗೆ ಸಂಖ್ಯೆಯಿಲ್ಲ. ನೀರಿನ ನಲ್ಲಿ ಬೇಕೆಂದರೂ, ವಿದ್ಯುತ್ತಿನ ಮೀಟರು ಬೇಕೆಂದರೂ, ಮಗುವನ್ನು ಶಾಲೆಗೆ ಸೇರಿಸಬೇಕೆಂದರೂ ಅರ್ಜಿಯ ಜೊತೆಗೆ ಮನೆಯ ದಾರಿ ತೋರಿಸುವ ಕೈನಕ್ಷೆಯೊಂದನ್ನು ಲಗತ್ತಿಸಬೇಕು: ಇಂಥ ಕಡೆ ಮೆಟ್ಟಿಲು, ಇಂಥ ಕಡೆ ನೀಲಿ ಟ್ಯಾಂಕು, ಇಂಥ ಕಡೆ ದೇವಮಾತೆಯ ಪ್ರತಿಮೆಯ ಗೂಡು. ಶಾಲೆಯಿಂದ ನಿವೃತ್ತಳಾದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಳತೆಯ ಕೋಲಿಟ್ಟು, ಮೆಟ್ಟಿಲುಗಳನ್ನು ಎಣಿಸಿ ಬರೆಯುತ್ತಿದ್ದೆ. ಸತುರ್ನಿನಾಳಿಗೆ ಬರೆದುಕೊಟ್ಟ ನಕ್ಷೆಯಲ್ಲಿಯೂ ಮೆಟ್ಟಿಲುಗಳ ಲೆಕ್ಕ ಸರಿಯಾಗಿಯೇ ಇತ್ತು. ಅವು ತಲುಪುತ್ತಿದ್ದ ಮನೆ ಮಾತ್ರ ಅವಳದಾಗಿರಲಿಲ್ಲ, ನನ್ನದಾಗಿತ್ತು.

ಸತುರ್ನಿನಾ ಪಾರಿಯೊನಾ ನನ್ನ ಕೊಮಾದ್ರೆ. ಅವಳ ಮಗಳು ನೊಯೆಮಿಗೆ ನಾನು ಜ್ಞಾನತಾಯಿ, ‘ಮದ್ರೀನಾ’; ಹಾಗಾಗಿ ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಜ್ಞಾನಸ್ನಾನದ ದಿನ ಬೇರೆಯವರ ಮಗುವನ್ನು ತೋಳಿನಲ್ಲಿ ಹಿಡಿದವಳು ಆ ಮನೆಯ ಕಷ್ಟವನ್ನೂ ಹಿಡಿದಂತೆಯೇ. ಮೂವತ್ತನಾಲ್ಕು ವಯಸ್ಸಿನ ಸತುರ್ನಿನಾ ಮನೆಯಲ್ಲಿ ಕುಳಿತು ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಾಳೆ. ವಾರಕ್ಕೆರಡು ದಿನ, ತನ್ನ ಪಾಳಿಯಲ್ಲಿ, ಸಂಘದ ಅಡುಗೆಮನೆಯಲ್ಲಿ ಬೇಯಿಸುತ್ತಿದ್ದಳು. ಗುಡ್ಡದ ಹೆಂಗಸರೆಲ್ಲ ಕೂಡಿ ನಡೆಸುವ ಆ ಅಡುಗೆಮನೆಯಿಂದ ದಿನಕ್ಕೆ ಎಂಬತ್ತು ತಟ್ಟೆ ಊಟ ಹೊರಡುತ್ತದೆ.

ಚಳಿಗಾಲಕ್ಕೆ ಮೊದಲೇ ಅವಳಿಗೆ ಕ್ಷಯವಿದೆಯೆಂದು ತಿಳಿಯಿತು. ನಾಲ್ಕು ತಿಂಗಳು, ಭಾನುವಾರವೊಂದನ್ನುಳಿದು ಪ್ರತಿದಿನ ಬೆಳಿಗ್ಗೆ, ಅವಳು ಮೆಟ್ಟಿಲಿಳಿದು ಹೋಗಿ ಮಾರ್ಲೆನಿಯ ಕಣ್ಣೆದುರಿಗೇ ಮಾತ್ರೆಗಳನ್ನು ನುಂಗಿದಳು. ನಾಲಿಗೆ ಎತ್ತಿ ತೋರಿಸಿದಳು. ಹಳದಿ ಕಾರ್ಡಿನಲ್ಲಿ ಒಂದು ದಿನವೂ ಖಾಲಿ ಚೌಕವಿರಲಿಲ್ಲ. ನಾಲ್ಕನೆಯ ತಿಂಗಳ ಕೊನೆಯಲ್ಲಿ, ಮೊದಲ ದಿನವೇ ಆಗಬೇಕಾಗಿದ್ದ ಪರೀಕ್ಷೆಯೊಂದನ್ನು ಮಾಡಿ, ಅವಳ ರೋಗಾಣುವಿಗೆ ಆ ಮಾತ್ರೆಗಳು ತಾಗುವುದೇ ಇಲ್ಲವೆಂದು ಹೇಳಿದರು. ತಾಗುವ ಮದ್ದು ಇದೆ. ಇದೇ ನಗರದ ಉಗ್ರಾಣದಲ್ಲಿದೆ. ಆದರೆ ಸಮಿತಿಯ ಸಹಿಯಿಲ್ಲದೆ ಅದರ ಪೆಟ್ಟಿಗೆ ತೆರೆಯುವುದಿಲ್ಲ. ಸಮಿತಿಗೆ ಏಳು ಕಾಗದಗಳು ಬೇಕು. ಏಳನೆಯದು ಮನೆಯ ತಪಾಸಣೆ. ಒಬ್ಬ ಹೆಂಗಸಿನ ಬಾಯಿಗೆ ನಾಲ್ಕು ತಿಂಗಳು ಕೆಲಸಕ್ಕೆ ಬಾರದ ಮಾತ್ರೆ ಹಾಕಿಸಿ, ಪ್ರತಿ ದಿನಕ್ಕೂ ಒಂದು ಗೀಟೆಳೆದು, ಆ ಗೀಟುಗಳನ್ನೇ ಕರ್ತವ್ಯವೆಂದು ಕರೆದ ವ್ಯವಸ್ಥೆ, ಒಂದು ಬಾಗಿಲು ತೆರೆಯದಿದ್ದ ಮಾತ್ರಕ್ಕೆ ಅವಳನ್ನೇ ‘ಬಿಟ್ಟುಹೋದವಳು’ ಎಂದು ಬರೆಯಿತು.

ಆದರೆ ಆ ಬಾಗಿಲನ್ನು ತೋರಿಸಿದವಳು ನಾನು. ಅದನ್ನು ಮರೆಮಾಡಿ ಮುಂದೆ ಹೇಳುವುದು ನ್ಯಾಯವಲ್ಲ.

ನಕ್ಷೆ ಬರೆಸಿಕೊಳ್ಳಲು ಬಂದ ದಿನ ಸತುರ್ನಿನಾ ನನ್ನ ಮೇಜಿನ ಮುಂದೆ ಕೂರಲೂ ಇಲ್ಲ.

“ಬಿಳಿ ಕೋಟು ಹಾಕ್ಕೊಂಡು ಯಾರಾದ್ರೂ ನಮ್ಮ ಸಾಲಿಗೆ ಬಂದ್ರೆ ಮುಗೀತು, ಕೊಮಾದ್ರೆ. ಅಡುಗೆಮನೆ ಬಾಗಿಲ ಮುಂದೇನೇ ಹಾದು ಬರಬೇಕು. ದೋನ್ ಮೌರೊನ ತಟ್ಟೆ ನೆನಪಿದೆಯಾ?”

ನೆನಪಿಲ್ಲದೆ ಏನು! ಅವಳ ಸಾಲಿನ ಕೊನೆಯ ಮನೆಯಲ್ಲಿರುವ, ಚಾಕು ಸಾಣೆ ಹಿಡಿಯುವ ಮುದುಕ ದೋನ್ ಮೌರೊಗೆ ಎರಡು ವರ್ಷಗಳ ಹಿಂದೆ ಇದೇ ರೋಗ ಬಂದಿತ್ತು. ಅಂದಿನಿಂದ ಅವನ ತಟ್ಟೆಯ ಅಂಚಿಗೆ ಕೆಂಪು ಗುರುತು. ಅದು ಇತರ ತಟ್ಟೆಗಳ ಜೊತೆಗಲ್ಲ, ಹೊರಗೋಡೆಯ ಮೊಳೆಗೆ ನೇತಾಡುತ್ತದೆ. ಅವನು ಗುಣವಾಗಿ ಹದಿನಾಲ್ಕು ತಿಂಗಳಾದರೂ ಗುರುತು ಅಳಿಸಿರಲಿಲ್ಲ. ಅವನು ಅಂಗಳದಲ್ಲಿ ನಿಂತೇ ಉಣ್ಣುತ್ತಾನೆ.

“ಆ ಬಣ್ಣ ಹಚ್ಚಿದ್ದು ಯಾರು ಗೊತ್ತಾ?” ಎಂದಳು ಸತುರ್ನಿನಾ. “ನಾನು. ನನ್ನದೇ ಉಗುರುಬಣ್ಣ. ಕಾರ್ನಿವಲ್‌ಗೆ ಅಂತ ತಂದಿಟ್ಟಿದ್ದೆ.”

ನಾನು ನಕ್ಷೆಯನ್ನು ನನ್ನ ಮನೆಗೆ ಬರೆದೆ. ಅರ್ಜಿಯಲ್ಲಿ ಅವಳು ನನ್ನೊಡನೆ ವಾಸಿಸುತ್ತಾಳೆಂದು ತುಂಬಿದೆ. ಕಳೆದ ಶುಕ್ರವಾರ ತಪಾಸಣೆಯಾಕೆ ಬಂದು ನನ್ನ ಬಾಗಿಲು ಬಡಿಯುವಾಗ ನಾನು ಸತುರ್ನಿನಾಳ ಮನೆಯಲ್ಲಿ, ರಕ್ತ ಕಾರಿದ ಅವಳಿಗೆ ಓಟ್ಸಿನ ಗಂಜಿ ಕುಡಿಸುತ್ತಿದ್ದೆ. ನನ್ನ ಪಕ್ಕದ ಮನೆಯ ಬಡಗಿ ಸುಳ್ಳು ಹೇಳಲು ಬಾರದ ಮನುಷ್ಯ. “ಇಲ್ಲಿ ಟೀಚರ್ ಒಬ್ಬರೇ ಇರೋದು, ಕಾಯಿಲೆಯವರು ಯಾರೂ ಇಲ್ಲ” ಎಂದು ಟೋಪಿ ತೆಗೆದು ವಿನಯದಿಂದ ಹೇಳಿ ಕಳಿಸಿದ್ದ.

ಆರೋಗ್ಯ ಕೇಂದ್ರದಿಂದ ನಾನು ನೆಟ್ಟಗೆ ಸತುರ್ನಿನಾಳ ಮನೆಗೆ ಹತ್ತಿದೆ. ತುಂತುರು ಹಿಡಿದು ಮೆಟ್ಟಿಲುಗಳು ಜಾರುತ್ತಿದ್ದವು. ಹಲಗೆಯ ಆ ಒಂದೇ ಕೋಣೆಯಲ್ಲಿ ಹೊಲಿಗೆಯಂತ್ರ, ಮಂಚ, ಮಸಿ ಹಿಡಿದ ಸ್ಟವ್. ಇದ್ದೊಂದು ಕಿಟಕಿಗೆ ಚಳಿಗೆಂದು ಪ್ಲಾಸ್ಟಿಕ್ ಹಾಳೆ ಹೊಡೆದಿತ್ತು. ಸತುರ್ನಿನಾ ಮಂಚದಲ್ಲಿ ಒರಗಿ ಕುಳಿತಿದ್ದಳು. ಅವಳ ಕುತ್ತಿಗೆಯ ಎಲುಬುಗಳ ನಡುವೆ ಒಂದು ನಿಂಬೆಹಣ್ಣು ನಿಲ್ಲುವಷ್ಟು ಹಳ್ಳ ಬಿದ್ದಿತ್ತು.

“ಮದ್ದು ಬಂತಾ, ಕೊಮಾದ್ರೆ?”

ಬರಲಿಲ್ಲವೆಂದೂ, ಏಕೆ ಬರಲಿಲ್ಲವೆಂದೂ ಹೇಳಿದೆ. ಅವಳು ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲುವವರೆಗೆ ಇಬ್ಬರೂ ಕಾದೆವು.

“ನಿಮ್ಮ ನಕ್ಷೇನೇ ಸುಳ್ಳಾಯ್ತು ಅಂದ್ರೆ, ಇನ್ನು ಪೋಪ್ ಹೇಳಿದ್ದನ್ನೂ ನಂಬೋ ಹಾಗಿಲ್ಲ.”

“ತಮಾಷೆ ಬೇಡ. ನಾಳೆ ಹನ್ನೊಂದಕ್ಕೆ ಮತ್ತೆ ಬರ್ತಾರೆ. ಇಬ್ಬರ ಸಹಿ ಬೇಕು.”

“ಸರಿ, ಹಾಗಾದ್ರೆ ನಾನೇ ನಿಮ್ಮನೇಗೆ ಬರ್ತೀನಿ.” ಅವಳು ಇದನ್ನು ಮೊದಲೇ ಯೋಚಿಸಿಟ್ಟಂತಿತ್ತು. “ಬೆಳಿಗ್ಗೆ ಯಾರೂ ಏಳೋಕೆ ಮುಂಚೆ ಬಂದು ನಿಮ್ಮ ಮಂಚದಲ್ಲಿ ಮಲಗ್ತೀನಿ. ಬಡಗಿಗೆ ನೀವು ಹೇಳಿ. ನಿಮ್ಮ ಮಾತು ಅವನು ತೆಗೆದುಹಾಕಲ್ಲ. ಅವನೊಂದು ಸಹಿ, ಅವನ ಹೆಂಡತಿದೊಂದು. ಆಯ್ತಲ್ಲ?”

ಮೆಟ್ಟಿಲು ಹತ್ತುವಾಗ ನಾನೂ ಅದನ್ನೇ ಯೋಚಿಸಿದ್ದೆ. ಒಂದು ಸುಳ್ಳಿಗೆ ಗೋಡೆ ಕಟ್ಟಿದ ಮೇಲೆ ಚಾವಣಿ ಹೊದಿಸುವುದೇನು ಕಷ್ಟ! ಮದ್ದು ಬಂದರೆ ಸಾಕಲ್ಲವೇ?

ನೊಯೆಮಿ ಹೊಲಿಗೆಯಂತ್ರದ ಹಲಗೆಯ ಮೇಲೆ ಪುಸ್ತಕವಿಟ್ಟುಕೊಂಡು ಮನೆಗೆಲಸ ಬರೆಯುತ್ತಿದ್ದಳು. ಅವಳದು ಮಧ್ಯಾಹ್ನದ ಪಾಳಿಯ ಶಾಲೆ. ಬರೆಯುತ್ತಲೇ, ತಲೆಯೆತ್ತದೆ, ಎರಡು ಸಲ ಕೆಮ್ಮಿದಳು. ತುಂತುರಿನ ಕಾಲದಲ್ಲಿ ಈ ಗುಡ್ಡದ ಎಲ್ಲ ಮಕ್ಕಳೂ ಕೆಮ್ಮುತ್ತಾರೆ. ನಾನು ಸತುರ್ನಿನಾಳತ್ತ ನೋಡಿದೆ. ಅವಳು ಹೊದಿಕೆಯ ನೂಲನ್ನು ಕೀಳತೊಡಗಿದಳು.

“ಎಷ್ಟು ದಿನದಿಂದ?”

“ಶೀತ ಅಷ್ಟೇ, ಕೊಮಾದ್ರೆ.”

“ಎಷ್ಟು ದಿನದಿಂದ, ಸತುರ್ನಿನಾ?”

“ಮೂರು ವಾರ.”

ಅರ್ಜಿಯ ಎರಡನೆಯ ಪುಟದಲ್ಲಿ ಒಂದು ಅಂಕಣವಿದೆ: ‘ರೋಗಿಯೊಡನೆ ಒಂದೇ ಕೋಣೆಯಲ್ಲಿ ಮಲಗುವವರು.’ ಅದರಲ್ಲಿ ನಾನು ನನ್ನ ಹೆಸರನ್ನು ಬರೆದಿದ್ದೆ, ವಯಸ್ಸು ಅರವತ್ತೆಂಟು. ಆ ಅಂಕಣ ಇರುವುದು ಮನೆಯ ಇತರರನ್ನು ಕರೆಸಿ ಎದೆಯ ಚಿತ್ರ ತೆಗೆಸುವುದಕ್ಕೆ. ಮೂವತ್ತೊಂದು ವರ್ಷ ಪಾಠ ಹೇಳಿದ ಕಾಲದಲ್ಲಿ ಹಾಜರಿ ಪುಸ್ತಕದಿಂದ ಒಂದು ಮಗುವಿನ ಹೆಸರನ್ನೂ ಕೈಬಿಡದಿದ್ದವಳು, ನನ್ನ ಸ್ವಂತ ಜ್ಞಾನಪುತ್ರಿಯನ್ನು ಆ ಪುಟದಿಂದ ಅಳಿಸಿಹಾಕಿದ್ದೆ. ಐದು ತಿಂಗಳು ಆ ಮಗು ಈ ಮುಚ್ಚಿದ ಕಿಟಕಿಯ ಕೋಣೆಯಲ್ಲಿ, ಇದೇ ಮಂಚದಲ್ಲಿ, ತಾಯಿಯ ಉಸಿರನ್ನೇ ಉಸಿರಾಡಿ ಮಲಗಿತ್ತು. ಕಾಗದದ ಮೇಲೆ ಮಾತ್ರ ಅದು ಎಲ್ಲಿಯೂ ಇರಲಿಲ್ಲ.

ನಾನು ಎದ್ದು ಕಿಟಕಿಯ ಪ್ಲಾಸ್ಟಿಕ್ಕನ್ನು ಹರಿದು ತೆಗೆದೆ. ತಣ್ಣನೆಯ ಗಾಳಿ ನುಗ್ಗಿತು.

“ನೊಯೆಮಿ, ಒಂದು ಹಾಳೆ ಕೊಡಮ್ಮಾ. ಅಳತೆ ಕೋಲೂ ಕೊಡು.”

“ಯಾತಕ್ಕೆ, ಮದ್ರೀನಾ?”

“ನಿಮ್ಮ ಮನೆಗೆ ದಾರಿ ಬರೆಯೋಕೆ.”

ಸತುರ್ನಿನಾ ನನ್ನ ಕೈ ಹಿಡಿದಳು. ಅವಳ ಅಂಗೈ ಕಾದ ಹಂಚಿನಂತಿತ್ತು. “ನಮ್ಮ ತಟ್ಟೆಗಳು ಹೊರಗೆ ಹೋಗ್ತವೆ, ಕೊಮಾದ್ರೆ. ಅವಳದೂ ಹೋಗುತ್ತೆ. ಶಾಲೇಲಿ ಯಾರೂ ಅವಳ ಪಕ್ಕ ಕೂರಲ್ಲ.”

“ಗೊತ್ತು.”

“ಗೊತ್ತಿದ್ದೂ ಬರೀತೀರಾ?”

“ಅವಳೂ ಕೆಮ್ತಿದಾಳೆ, ಸತುಕಾ.” ಅವಳ ಹೆತ್ತವರು ಕರೆಯುತ್ತಿದ್ದ ಹೆಸರು ಅದು. ಅವಳು ಕೈ ಬಿಟ್ಟಳು. ಮಗಳ ಬೆನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಯತ್ತ ತಿರುಗಿ, “ನಮ್ಮ ಬಾಗಿಲು ಹಸಿರು. ನೀಲಿ ಅಂತ ಬರೆದೀರಿ ಮತ್ತೆ” ಎಂದಳು.

ಅಡುಗೆಮನೆಯ ಬಾಗಿಲನ್ನು ಬಿಟ್ಟು ಆ ಮನೆಗೆ ಬೇರೆ ದಾರಿಯಿಲ್ಲ. ನಾನು ಅಲ್ಲಿಂದಲೇ ಗೆರೆ ಎಳೆಯತೊಡಗಿದೆ.

ಬುಧವಾರ ಎಂಟಕ್ಕೆ ಅಡುಗೆಮನೆಗೆ ಹೋದಾಗ ಏಳೆಂಟು ಹೆಂಗಸರು ಬೋಗುಣಿಗಳ ಸುತ್ತ ಕುಳಿತು ಆಲೂಗಡ್ಡೆ ಸುಲಿಯುತ್ತಿದ್ದರು. ದೊಡ್ಡ ಹಂಡೆಯಲ್ಲಿ ಕೋಳಿಯ ಕಾಲುಗಳ ಸಾರು ಕುದಿಯಲು ಸಿದ್ಧವಾಗುತ್ತಿತ್ತು. ಸಂಘದ ಅಧ್ಯಕ್ಷೆ ದೋನ್ಯ ಗ್ರಿಮಾನೆಸಾ ಸೌಟು ಹಿಡಿದು ನಿಂತಿದ್ದಳು. ಸತುರ್ನಿನಾಳ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ.

“ಅಯ್ಯೋ, ಟೀಚರ್ ಬಂದ್ರು! ಆಲೂಗಡ್ಡೆ ಅಡಗಿಸಿಡ್ರೇ. ಇವರು ಸುಲಿದ್ರೆ ಸಿಪ್ಪೆಗೇ ಸಾರು ಮಾಡಬೇಕಾಗುತ್ತೆ.”

ಎಲ್ಲರೂ ನಕ್ಕರು. ಮೂರು ತಿಂಗಳಿಂದ ಸತುರ್ನಿನಾಳಿಗೆ ಬೆನ್ನುನೋವೆಂದು ಹೇಳಿ ಅವಳ ಪಾಳಿಯನ್ನು ನಾನೇ ಮಾಡುತ್ತಿದ್ದೆ. ನನ್ನ ಸಿಪ್ಪೆಗಳು ಹೆಸರುವಾಸಿಯಾಗಿದ್ದವು. ನಾನು ನಗಲಿಲ್ಲ. ಬಾಗಿಲಲ್ಲೇ ನಿಂತು, ತರಗತಿಗೆ ಹೇಳುವಂತೆ, ತಗ್ಗಿಸದ ದನಿಯಲ್ಲಿ ಎಲ್ಲವನ್ನೂ ಹೇಳಿದೆ: ಸತುರ್ನಿನಾಳಿಗಿರುವುದು ಬೆನ್ನುನೋವಲ್ಲ, ಮದ್ದಿಗೆ ಬಗ್ಗದ ಕ್ಷಯ, ಸುಳ್ಳು ನಕ್ಷೆ ನಾನು ಬರೆದೆ, ಇಂದು ಹನ್ನೊಂದಕ್ಕೆ ತಪಾಸಣೆ, ಎರಡು ಸಹಿಗಳಿಲ್ಲದಿದ್ದರೆ ಮದ್ದಿಲ್ಲ, ಮದ್ದಿಲ್ಲದಿದ್ದರೆ ಅವಳು ಬದುಕುವುದಿಲ್ಲ.

ಚಾಕುಗಳು ನಿಂತವು. ಯಾನೆತ್ ಎಂಬ ಹೆಂಗಸು ತನ್ನ ಬೋಗುಣಿಯನ್ನು ಕಾಲಿನಿಂದ ದೂರ ತಳ್ಳಿ ಎದ್ದಳು.

“ಅವಳು ಇದೇ ಸೌಟಲ್ಲಿ ಉಪ್ಪು ನೋಡ್ತಿದ್ಲು! ನನ್ನ ಮಕ್ಕಳು ಇಲ್ಲಿ ಉಣ್ತಾರೆ. ನೀವು ಓದಿದೋರು, ನಿಮಗಾದ್ರೂ ಬುದ್ಧಿ ಬೇಡ್ವಾ, ಟೀಚರೇ?”

“ಸೌಟಿನಿಂದ ಹರಡಲ್ಲ, ಯಾನೆತ್. ಉಸಿರಿಂದ ಹರಡುತ್ತೆ. ಆದ್ರೂ ನೀನು ಬೈಯೋದು ಸರಿ. ರೋಗ ಗೊತ್ತಾದ ಮೇಲೆ ಎರಡು ತಿಂಗಳು ಅವಳು ಇಲ್ಲಿ ಬೇಯಿಸಿದ್ಲು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.”

“ಯಾಕೆ ಹೇಳಲಿಲ್ಲ?”

ನಾನು ಹೊರಗೋಡೆಯ ಮೊಳೆಯತ್ತ ನೋಡಿದೆ. ಯಾನೆತ್ ತನ್ನ ಪಾತ್ರೆ ಎತ್ತಿಕೊಂಡು ಹೊರಟುಹೋದಳು. ಒಬ್ಬಳು ತಾನು ಬಾಡಿಗೆಯವಳೆಂದಳು. ಇನ್ನೊಬ್ಬಳು ಸಹಿಯ ವಿಷಯ ಗಂಡನನ್ನು ಕೇಳಬೇಕೆಂದಳು. ಮತ್ತೊಬ್ಬಳು ಸುಲಿದ ಆಲೂಗಡ್ಡೆಯನ್ನೇ ಮತ್ತೆ ಸುಲಿಯತೊಡಗಿದಳು. ಗ್ರಿಮಾನೆಸಾ ಹಂಡೆಯ ಕೆಳಗಿನ ಉರಿಯನ್ನು ಸಣ್ಣದು ಮಾಡಿ ನನ್ನನ್ನು ಅಂಗಳಕ್ಕೆ ಕರೆದಳು.

“ನಮ್ಮಿಬ್ಬರ ಮನೆ ಮಧ್ಯೆ ಇರೋದು ಒಂದು ಹಲಗೆ, ಟೀಚರೇ. ಅವಳು ಮಗ್ಗಲು ಬದಲಾಯಿಸಿದ್ರೂ ನನಗೆ ಕೇಳುತ್ತೆ. ಕೆಮ್ಮು ಕೇಳಲ್ವಾ?”

“ಗೊತ್ತಿತ್ತಾ ನಿಮಗೆ?”

“ನಾಲ್ಕು ತಿಂಗಳಿಂದ.”

“ಮತ್ತೆ ಯಾಕೆ ಸುಮ್ಮನಿದ್ರಿ?”

“ನೀವ್ಯಾಕೆ ಸುಮ್ಮನಿದ್ರಿ?” ಅವಳು ಸೌಟನ್ನು ನನ್ನತ್ತ ಚಾಚಿದಳು. “ಹೊರಗೆ ಗೊತ್ತಾದ್ರೆ ಈ ಅಡುಗೆಮನೆಗೆ ಬೀಗ ಹಾಕ್ತಾರೆ. ಎಂಬತ್ತು ತಟ್ಟೆ. ನೀವು ಒಬ್ಬಳನ್ನ ಉಳಿಸೋಕೆ ಸುಳ್ಳು ಬರೆದ್ರಿ, ನಾನು ಎಂಬತ್ತು ತಟ್ಟೆಗೆ ಕಿವುಡಿ ಆದೆ. ಇಬ್ಬರೂ ಒಳ್ಳೆ ಹೆಂಗಸರು!” ಅವಳು ಮೂಗೊರೆಸಿಕೊಂಡಳು. “ಸಹಿ ಹಾಕ್ತೀನಿ. ಆದ್ರೆ ನೀವು ಬಂದು ಕೇಳಿದ್ರೆ ಆಗಲ್ಲ. ಅವಳೇ ಬರಲಿ. ದೂರ ನಿಂತ್ಕೊಂಡಾದ್ರೂ ಸರಿ, ಅವಳ ಬಾಯಿಂದಾನೇ ಹೇಳಲಿ. ನನ್ನ ಹೆಂಗಸರಿಗೆ ಅಷ್ಟು ಮರ್ಯಾದೆ ಬೇಕು.”

ಆ ಮಾತು ಕ್ರೂರವೆಂದು ಆಗ ನನಗೆ ಅನ್ನಿಸಿತು. ಅದರಲ್ಲಿ ನ್ಯಾಯವಿತ್ತೆಂದು ಈಗಲೂ ಅನ್ನಿಸುತ್ತದೆ.

ಸತುರ್ನಿನಾಳ ಬಾಗಿಲಿನಿಂದ ಅಡುಗೆಮನೆಗೆ ನಲವತ್ತೆರಡು ಮೆಟ್ಟಿಲು. ಅವಳು ಮುಖಗವಸು ಕಟ್ಟಿಕೊಂಡು, ನನ್ನ ಹೆಗಲು ಹಿಡಿದು, ಪ್ರತಿ ಏಳೆಂಟು ಮೆಟ್ಟಿಲಿಗೊಮ್ಮೆ ಕೂರುತ್ತಾ ಇಳಿದಳು. ಹತ್ತೂಮುಕ್ಕಾಲಾಗಿತ್ತು. ಊಟಕ್ಕೆ ಪಾತ್ರೆ ಹಿಡಿದವರ ಸಾಲು ಆಗಲೇ ನಿಂತಿತ್ತು. ಅವಳು ಅಂಗಳದ ಆಚೆ, ತುಂತುರಿನಲ್ಲಿಯೇ ನಿಂತಳು. ಸಾಲಿನಲ್ಲಿದ್ದವರು ಒಬ್ಬರ ಹಿಂದೊಬ್ಬರು ಸರಿದರು.

“ನನಗೆ ಟಿ.ಬಿ. ಇದೆ” ಎಂದಳು. ದನಿ ಗವಸಿನೊಳಗೇ ಉಳಿಯಿತು. ಗವಸನ್ನು ತೆಗೆಯದೆ, ಉಸಿರು ಕೂಡಿಸಿಕೊಂಡು, ಮತ್ತೆ ಹೇಳಿದಳು: “ನನಗೆ ಟಿ.ಬಿ. ಇದೆ. ನಿಮಗೆ ಹೇಳದೆ ಇಲ್ಲಿ ಬೇಯಿಸಿದೆ. ಹೆದರಿದ್ದೆ. ನಿಮ್ಮ ಸಹಿ ಬೇಕು.”

ಗ್ರಿಮಾನೆಸಾ ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದು, ನನ್ನ ಕೈಯಲ್ಲಿದ್ದ ಹಾಳೆಯ ಮೇಲೆ ದಪ್ಪಕ್ಷರಗಳಲ್ಲಿ ಸಹಿ ಮಾಡಿದಳು. ಒಳಗಿನಿಂದ ಸಂಘದ ಮೊಹರನ್ನೂ ತರಿಸಿ, ಯಾರೂ ಕೇಳದಿದ್ದರೂ, ಪಕ್ಕದಲ್ಲಿ ಒತ್ತಿದಳು. “ಮುಚ್ಚಿಸೋದಾದ್ರೆ ಮೊಹರು ನೋಡೇ ಮುಚ್ಚಿಸಲಿ” ಎಂದಳು.

ಇನ್ನೊಂದು ಸಹಿ ಬೇಕಾಗಿತ್ತು. ನಾನು ಸಾಲಿನ ಮುಖಗಳನ್ನು ಒಂದೊಂದಾಗಿ ನೋಡಿದೆ. ಒಬ್ಬೊಬ್ಬರೂ ತಮ್ಮ ಪಾತ್ರೆಯೊಳಗೆ ನೋಡಿಕೊಂಡರು. ಹನ್ನೊಂದು ಹೊಡೆಯಿತು. ತಪಾಸಣೆಯಾಕೆ ಬರಲಿಲ್ಲ. ಹನ್ನೊಂದೂಕಾಲು. ಆಕೆ ಈಗ ಬಂದರೂ ಕಷ್ಟ, ಬಾರದಿದ್ದರೂ ಕಷ್ಟ. ಸತುರ್ನಿನಾ ಒಂದು ಕಲ್ಲಿನ ಮೇಲೆ ಕುಸಿದು ಕುಳಿತಿದ್ದಳು.

ಆಗ ದೋನ್ ಮೌರೊ ಸಾಣೆಯ ಚಕ್ರವನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೆ ಬಂದ. ಮೊಳೆಯಿಂದ ತನ್ನ ತಟ್ಟೆಯನ್ನು ತೆಗೆದುಕೊಂಡ. ಏನು ನಡೆದಿದೆಯೆಂದು ಯಾರೋ ಅವನ ಕಿವಿಯಲ್ಲಿ ಹೇಳಿದರು. ಅವನು ನೆಟ್ಟಗೆ ಸತುರ್ನಿನಾಳ ಬಳಿಗೆ ಹೋದ. ಉಳಿದವರಂತೆ ದೂರ ನಿಲ್ಲಲಿಲ್ಲ.

“ಓಹೋ, ನೀನಾ? ಈಗ ನಿನ್ನ ತಟ್ಟೆಗೆ ಯಾರು ಬಣ್ಣ ಹಚ್ಚಬೇಕು? ನನಗೆ ಕೈ ನಡುಗುತ್ತೆ, ಅಂಚು ಮೀರಿ ಹೋಗುತ್ತೆ.”

ಅವಳು ತಲೆ ತಗ್ಗಿಸಿದಳು. “ನಿಮಗೆ ಗೊತ್ತಿತ್ತಾ, ದೋನ್ ಮೌರೊ?”

“ಆ ವರ್ಷ ಈ ಗುಡ್ಡದಲ್ಲಿ ಅಂಥ ಕೆಂಪು ಇದ್ದಿದ್ದು ನಿನ್ನ ಉಗುರಲ್ಲಿ ಮಾತ್ರ, ತಾಯಿ. ನನಗೆ ಕೆಮ್ಮಿತ್ತು, ಕಣ್ಣು ಚೆನ್ನಾಗಿತ್ತು.” ಅವನು ಸೊಂಟದಿಂದ ಒಂದು ಸಣ್ಣ ಚಾಕು ತೆಗೆದು ತಟ್ಟೆಯ ಜೊತೆಗೆ ಅವಳ ಮಡಿಲಿಗೆ ಹಾಕಿದ. “ಸಹಿ ಹಾಕ್ತೀನಿ. ಮೊದಲು ಇದನ್ನ ಕೆರೆದು ಕೊಡು. ಬೆಳಿಗ್ಗೇನೇ ಸಾಣೆ ಹಿಡಿದಿದ್ದು, ಬೆರಳು ಜೋಪಾನ.”

ಅವಳು ಕೆರೆದಳು. ಎಂಬತ್ತು ತಟ್ಟೆಗಳ ಸಾಲು ಅಲುಗದೆ ನೋಡಿತು. ಎನಾಮಲಿನ ಮೇಲೆ ಚಾಕು ಕಿರುಗುಟ್ಟುವ ಸದ್ದು, ನಡುನಡುವೆ ಕೆಮ್ಮು. ಕೆಂಪು ಬಣ್ಣ ಹುಡಿಯಾಗಿ ಅವಳ ಲಂಗದ ಮೇಲೆ ಉದುರಿತು. ಪೂರ್ತಿ ಹೋಗಲಿಲ್ಲ, ಒಂದು ಗುಲಾಬಿ ಛಾಯೆ ಉಳಿಯಿತು. ಮುದುಕ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, “ಸಾಕು” ಎಂದು, ಹಾಳೆಯ ಮೇಲೆ ಎರಡನೆಯ ಸಹಿ ಮಾಡಿದ. ನಂತರ ಅಂಗಳದಲ್ಲಿ ನಿಲ್ಲದೆ, ತಟ್ಟೆ ಹಿಡಿದು ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತ. ಯಾರೂ ತಡೆಯಲಿಲ್ಲ. ಅವನ ಪಕ್ಕದಲ್ಲಿಯೂ ಯಾರೂ ಕೂರಲಿಲ್ಲ.

ನಾವು ಸತುರ್ನಿನಾಳನ್ನು ಮೇಲೆ ಮನೆಗೆ ಸೇರಿಸಿ ಕಾದೆವು. ಹನ್ನೆರಡಾಯಿತು. ಕಡತ ನಾಲ್ಕಕ್ಕೆ ನಗರ ತಲುಪಬೇಕು. ಗುಡ್ಡದ ಬುಡದಿಂದ ಬಸ್ಸಿಗೆ ಎರಡು ಗಂಟೆ. ನಾನು ಮೆಟ್ಟಿಲ ತುದಿಯಲ್ಲಿ ನಿಂತು ಮಂಜಿನೊಳಗಿಂದ ಮೂಡುವ ಪ್ರತಿಯೊಂದು ತಲೆಯನ್ನೂ ಪರೀಕ್ಷಿಸುತ್ತಿದ್ದೆ. ಹನ್ನೆರಡೂ ಇಪ್ಪತ್ತಕ್ಕೆ, ಗಿಡ್ಡನೆಯ ನಡುವಯಸ್ಸಿನ ಹೆಂಗಸೊಬ್ಬಳು ಮಂಡಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಏನನ್ನೋ ಕೇಳಿದ್ದು ಮೇಲಿನಿಂದಲೇ ಕಂಡಿತು. ಒಬ್ಬಳು ಸೌಟಿನಿಂದ, ಇನ್ನೊಬ್ಬಳು ಗದ್ದದಿಂದ, ಮತ್ತೊಬ್ಬಳು ಬೇರೆಡೆ ನೋಡುತ್ತಲೇ ಹೆಬ್ಬೆರಳಿನಿಂದ, ಅಂತೂ ಎಲ್ಲರೂ ಹಸಿರು ಬಾಗಿಲಿನ ಕಡೆಗೇ ತೋರಿಸಿದರು.

“ಶುಕ್ರವಾರ ನೂರಾ ಎಂಬತ್ತು ಮೆಟ್ಟಿಲು ಹತ್ತಿಸಿದ್ರಿ” ಎಂದಳು ಹಸಿರು ಬಾಗಿಲು ತಲುಪಿದ ತಪಾಸಣೆಯಾಕೆ, ಏದುಸಿರಿನಲ್ಲಿ. “ಸುಳ್ಳು ಮನೆಗೆ.”

“ಸುಳ್ಳು ನನ್ನದು, ಅವಳದಲ್ಲ. ಅವಳು ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ‘ಬಿಟ್ಟುಹೋದವಳು’ ಅನ್ನೋದನ್ನ ಹೊಡೆದುಹಾಕಿ ಹಾಗಂತ ಬರೀರಿ.”

“ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ, ಸೆನ್ಯೋರಾ.” ಆಕೆಯ ಮಾತಿನಲ್ಲಿ ದುರುದ್ದೇಶವಿರಲಿಲ್ಲ, ನಿಜವಾಗಿಯೂ ಜಾಗವಿರಲಿಲ್ಲ. ರೋಗಿಯ ತಪ್ಪುಗಳಿಗೆ ಆ ನಮೂನೆಯಲ್ಲಿ ಆರು ಚೌಕಗಳಿದ್ದವು.

ಆಕೆ ಕಿಟಕಿಯನ್ನು ಅಳೆದಳು, ಸಹಿಗಳನ್ನು ನೋಡಿದಳು, ಮೊಹರನ್ನು ಕಂಡು ಹುಬ್ಬೇರಿಸಿದಳು. ಎರಡನೆಯ ಪುಟ ತಿರುವಿದಳು.

“ಈ ಕೋಣೇಲಿ ಮಲಗೋರು?”

ಸತುರ್ನಿನಾ ಮಗಳತ್ತ ನೋಡಿದಳು. ಶಾಲೆಯ ಸಮವಸ್ತ್ರ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ನೊಯೆಮಿ, ಹಾಜರಿಗೆ ಓಗೊಡುವವಳಂತೆ, ಬೆನ್ನು ನೆಟ್ಟಗೆ ಮಾಡಿ ಹೇಳಿದಳು:

“ನಾನು. ನೊಯೆಮಿ ಪಾರಿಯೊನಾ. ಒಂಬತ್ತು ವರ್ಷ. ನಾಲ್ಕನೇ ತರಗತಿ.”

ಆಕೆ ಬರೆದುಕೊಂಡಳು. ಕಡತ ಆಕೆಯ ಜೊತೆಗೇ ಒಂದೂವರೆಯ ಬಸ್ಸಿಗೆ ನಗರಕ್ಕೆ ಹೊರಟಿತು.

ಗುರುವಾರ ಸಂಜೆ ಐದೂಕಾಲಿಗೆ ಮಾರ್ಲೆನಿಯ ಫೋನು ಬಂತು. ನಾನು ಸತುರ್ನಿನಾಳ ಮಂಚದ ಪಕ್ಕದಲ್ಲೇ ಇದ್ದೆ. ಅವಳು ನನ್ನ ಮುಖವನ್ನೇ ಓದುತ್ತಿದ್ದಳು.

“ಸಮಿತಿ ಒಪ್ಪಿತು, ಟೀಚರೇ. ಸೋಮವಾರದಿಂದ ಶುರು. ದಿನಕ್ಕೊಂದು ಸೂಜಿ, ಹನ್ನೊಂದು ಮಾತ್ರೆ. ಒಂದೂವರೆ ವರ್ಷವಾದ್ರೂ ಆಗುತ್ತೆ, ಹೇಳಿಡಿ ಅವಳಿಗೆ.”

ನಾನು ಸತುರ್ನಿನಾಳಿಗೆ ತಲೆಯಾಡಿಸಿ ತೋರಿಸಿದೆ. ಅವಳು ಕಣ್ಣು ಮುಚ್ಚಿ, ತುಟಿಯಲ್ಲೇ ಏನನ್ನೋ ಪ್ರಾರ್ಥಿಸತೊಡಗಿದಳು. ಹಲಗೆಯ ಗೋಡೆಯಾಚೆಯಿಂದ ಗ್ರಿಮಾನೆಸಾಳ ದನಿ ಕೇಳಿಸಿತು: “ಏನಂತೆ? ಜೋರಾಗಿ ಹೇಳ್ರೀ!”

“ಟೀಚರೇ, ಇದೀರಾ?” ಮಾರ್ಲೆನಿ ಇನ್ನೂ ಫೋನಿನಲ್ಲಿದ್ದಳು. “ಇನ್ನೊಂದು ವಿಷಯ. ಮಗುವನ್ನ ನಾಳೆ ಏಳಕ್ಕೆ ಕರ್ಕೊಂಡು ಬನ್ನಿ. ಖಾಲಿ ಹೊಟ್ಟೇಲಿ. ನೀರೂ ಕೊಡಬೇಡಿ.”

ಶುಕ್ರವಾರ ಏಳಕ್ಕೆ ನೊಯೆಮಿಯನ್ನು ಒಳಗೆ ಕರೆದುಕೊಂಡು ಹೋದರು. ಮಕ್ಕಳಿಗೆ ಕಫ ಉಗುಳಲು ಬಾರದಾದ್ದರಿಂದ ಮೂಗಿನೊಳಗಿಂದ ಕೊಳವೆ ಇಳಿಸಿ ಹೊಟ್ಟೆಯಿಂದ ತೆಗೆಯುತ್ತಾರಂತೆ. ಹೋಗುವಾಗ ಅವಳು ಒಮ್ಮೆ ತಿರುಗಿ ನೋಡಿದಳು. ನನ್ನ ಕೈಗೆ ಒಂದು ಹೊಸ ನಮೂನೆಯನ್ನು ಕೊಟ್ಟರು: ಹೆಸರು, ವಯಸ್ಸು, ಮತ್ತು ಕೆಳಗೆ, ಮನೆಯ ಕೈನಕ್ಷೆಗಾಗಿ ಒಂದು ಖಾಲಿ ಚೌಕ.

ಬೆಂಚಿನ ಮೇಲೆ ಕುಳಿತು ಅಡುಗೆಮನೆಯ ಬಾಗಿಲಿನಿಂದ ಶುರು ಮಾಡಿದೆ. ಒಳಗೆ ಮಗು ಕೆಮ್ಮಿತು, ಆಮೇಲೆ ಅತ್ತಿತು. ನಾನು ಎದ್ದು ಹೋಗಲಿಲ್ಲ. ನಲವತ್ತೆರಡು ಮೆಟ್ಟಿಲುಗಳನ್ನು ಒಂದನ್ನೂ ಬಿಡದೆ ಎಣಿಸಿ, ಹಸಿರು ಬಾಗಿಲಿನವರೆಗೆ ಗೆರೆಯನ್ನು ಎಳೆದು ಮುಗಿಸಿದೆ.